ಮಾವನ ಕತೆಗೆ ಹೂಂಗುಟ್ಟಿದ್ದು

ಮಂಡ್ಯದ ಪಕ್ಕದ ಗುತ್ತಲಿನ ರಾಮಲಿಂಗಯ್ಯನ ಮನೆಗೆ ಕರೆಂಟು ಬಂದದ್ದು ೧೯೪೬ರ ಯುಗಾದಿಗೆ. ಮಾವ ಬಂದದ್ದು ಅದರ ಮುಂದಿನ ವಾರ. ಕರೆಂಟಿಗೆ ಅರ್ಜಿ ಹಾಕಿ ಎರಡು ವರ್ಷ ಕಾಯಬೇಕಾಗಿತ್ತು. ಮಾವನಿಗೆ ಯಾರೂ ಅರ್ಜಿ ಹಾಕಿರಲಿಲ್ಲ.

ಬೆಳಕವಾಡಿಯ ಕರಿಯಯ್ಯ ಎಂಟು ದಿನ ಇದ್ದು ಹೋಗುತ್ತೇನೆಂದೇ ಬಂದವರು. ನಡುಮನೆಯ ತೊಲೆಯಿಂದ ಇಳಿಬಿದ್ದ ಬಲ್ಬನ್ನು ನೋಡಿದರು. ಅದರ ನೇರ ಕೆಳಗೆ ರಾಮಲಿಂಗಯ್ಯನ ಮಂಚವಿತ್ತು. ಅದರ ಮೇಲೆ ಕೂತರು. ಊಟಕ್ಕೆ, ಸ್ನಾನಕ್ಕೆ ಎದ್ದದ್ದನ್ನು ಬಿಟ್ಟರೆ ದೀಪಾವಳಿ ಕಳೆದರೂ ಕೂತೇ ಇದ್ದರು.

ಅವರ ಕಡೆಯೂ ನ್ಯಾಯವಿತ್ತು. ಶಿವನಸಮುದ್ರದಲ್ಲಿ ಕರೆಂಟು ತೆಗೆಯುವ ಮನೆ ಕಟ್ಟುವಾಗ ಅದರ ಯಂತ್ರಗಳು ರೈಲಿನಲ್ಲಿ ಮದ್ದೂರಿಗೆ ಬಂದವು. ಅಲ್ಲಿಂದ ಮುಂದಕ್ಕೆ ಎತ್ತು, ಆನೆಗಳೇ ಗತಿ. ಆಗಷ್ಟೇ ಮೀಸೆ ಚಿಗುರುತ್ತಿದ್ದ ಕರಿಯಯ್ಯ ಕೆಂಚ, ಬೋರ ಎಂಬ ತಮ್ಮ ಎತ್ತಿನ ಜೋಡಿಯನ್ನು ಕಟ್ಟಿಕೊಂಡು ಆ ಸಾಲಿನಲ್ಲಿ ಸೇರಿದ್ದರು. ಕರೆಂಟು ಹುಟ್ಟಿತು. ಹುಟ್ಟಿದ್ದೇ ತಡ ಕೋಲಾರದ ಚಿನ್ನದ ಗಣಿಗೆ ಹೋಯಿತು, ಆಮೇಲೆ ಬೆಂಗಳೂರಿಗೆ ಹೋಯಿತು, ಮೈಸೂರಿಗೆ ಹೋಯಿತು. ಪಕ್ಕದಲ್ಲೇ ಇದ್ದ ಬೆಳಕವಾಡಿಯಲ್ಲಿ ಕರಿಯಯ್ಯನ ಕೇರಿಗೆ ಮಾತ್ರ ಬರಲಿಲ್ಲ. ನಾಲ್ಕು ದಶಕ ಸೀಮೆಎಣ್ಣೆ ಬುಡ್ಡಿಯ ಮುಂದೆ ಉಂಡು, ಕಡೆಗೆ ಅಳಿಯನ ಮನೆಯಲ್ಲಿ ತಮ್ಮ ಕರೆಂಟನ್ನು ಕಣ್ಣಾರೆ ಕಂಡರೆ ಬಿಟ್ಟು ಏಳುವುದು ಹೇಗೆ?

ಅದಕ್ಕೇ ಅವರು ದೀಪ ಆರಿಸಲು ಬಿಡುತ್ತಿರಲಿಲ್ಲ. ಮೊದಲ ರಾತ್ರಿ ರಾಮಲಿಂಗಯ್ಯ ಸ್ವಿಚ್ಚಿನ ಮೇಲೆ ಕೈಯಿಟ್ಟಾಗ ಅವರು ನೊಂದು ನುಡಿದಿದ್ದರು: "ಎರಡು ಎತ್ತು ನೊರೆ ಕಕ್ಕಂಡು ಎಳ್ದು ತಂದದ್ದ ಒಂದು ಬೆಳ್ಳಲ್ಲಿ ಆರಿಸ್ತೀರಲ್ಲ ಅಳೀಮಯ್ಯ, ಮನಸಾದ್ರೂ ಎಂಗೆ ಬತ್ತದೆ ನಿಮ್ಗೆ?"

ಅಂದಿನಿಂದ ರಾಮಲಿಂಗಯ್ಯ ಜಗಲಿಯ ಮೇಲೆ ಚಾಪೆ ಹಾಸಿಕೊಂಡು, ಕಿಟಕಿಯಿಂದ ಬೀಳುವ ಬೆಳಕಿಗೆ ಮುಖದ ಮೇಲೆ ಟವಲು ಹೊದ್ದು, ಸುಗ್ಗಿಯ ಕಣ ಕಾಯುವವನಂತೆ ಅರೆನಿದ್ದೆ ಮಾಡುತ್ತಿದ್ದ.

ಆದರೂ ಅವನಿಗೊಂದು ಆಸರೆಯಿತ್ತು. ಕರಿಯಯ್ಯ ಮಾನವಂತರು. "ಎಣ್ಣು ಕೊಟ್ಟ ಮನೇಲಿ ಅಳಿಯ ಬಾಯ್ಬುಟ್ಟು ಇರಿ ಅನ್ನೋಗಂಟ ಬೇರು ಬುಡಬಾರ್ದು" ಅನ್ನುವುದು ಅವರ ನೇಮ. ವಾರಕ್ಕೊಮ್ಮೆ ತಮ್ಮ ಗಂಟು ಕಟ್ಟಿ ಬಾಗಿಲ ಬಳಿ ಇಡುತ್ತಿದ್ದರು. ಇಟ್ಟು, ಅಳಿಯನ ಮುಖ ನೋಡುತ್ತಿದ್ದರು. ಅಳಿಯ ಹೆಂಚು ಎಣಿಸುತ್ತಿದ್ದ. ಅಷ್ಟರಲ್ಲಿ ಹೆಂಡತಿ ರೇವಮ್ಮ ಬಂದು, "ಗೌರಿ ಹಬ್ಬ ಕಳೀಲಿ ಇರಪ್ಪ" ಎಂದೋ, "ಪಿತೃಪಕ್ಷದಲ್ಲಿ ಯಾರು ಪಯಣ ಮಾಡ್ತಾರೆ" ಎಂದೋ ಗಂಟು ಬಿಚ್ಚುತ್ತಿದ್ದಳು. 'ಇರಿ' ಎಂಬ ಎರಡಕ್ಷರವನ್ನು ಏಳು ತಿಂಗಳು ರಾಮಲಿಂಗಯ್ಯ ಜೋಪಾನವಾಗಿ ಗಂಟಲಲ್ಲೇ ಇಟ್ಟುಕೊಂಡಿದ್ದ. 'ಹೋಗಿ' ಎಂಬ ಇನ್ನೆರಡಕ್ಷರವೂ ಅಲ್ಲೇ ಇತ್ತು. ಅದು ಹೊರಬರದಿದ್ದುದಕ್ಕೆ ಕಾರಣ ರೇವಮ್ಮ.

ಕಡೆಗೆ ರೇವಮ್ಮನ ಬಳಿ ಹಬ್ಬಗಳು ಮುಗಿದವು. "ಅಪ್ಪ ಹೋಗ್ಲಿ, ಬೇಡ ಅನ್ನಲ್ಲ. ಆದ್ರೆ ಅವರು ಮದ್ದೂರಿಂದ ಮಿಸೀನು ಎಳ್ದ ಕತೆ ಕೇಳ್ದೆ ನಂಗೆ ಹೊತ್ತು ಹೋಗಲ್ಲ. ಆ ದನಿ ಇಲ್ದೆ ಮನೆ ಬಿಕೋ ಅಂತದೆ" ಎಂದು ಕಣ್ಣೊರೆಸಿಕೊಂಡಳು.

ಆಗ ರಾಮಲಿಂಗಯ್ಯನಿಗೆ ಉಪಾಯ ಹೊಳೆಯಿತು. ದನಿ ಇಲ್ಲಿರಲಿ. ಮಾವ ಅಲ್ಲಿರಲಿ.

ಮಂಡ್ಯದ ಪೇಟೆ ಬೀದಿಯಲ್ಲಿ ಗ್ರಾಮಫೋನು ರಿಪೇರಿ ಮಾಡುವ ಅಫ್ಸರ್ ಪಾಷಾ ಯುದ್ಧ ಮುಗಿದ ಮೇಲೆ ಬೆಂಗಳೂರಿನ ಮಿಲಿಟರಿ ಹರಾಜಿನಲ್ಲಿ ಒಂದು ಯಂತ್ರ ಹಿಡಿದು ತಂದಿದ್ದ. ಮೈಕಿನ ಮುಂದೆ ಮಾತಾಡಿದರೆ ಕಪ್ಪು ಪ್ಲೇಟಿನ ಮೇಲೆ ಸೂಜಿ ಗೆರೆ ಕೊರೆಯುತ್ತಿತ್ತು. ಅದೇ ಪ್ಲೇಟನ್ನು ಮತ್ತೆ ತಿರುಗಿಸಿದರೆ ಆಡಿದ ಮಾತು ಕೇಳುತ್ತಿತ್ತು. ಸಿಪಾಯಿಗಳು ಅದರಲ್ಲಿ ಮನೆಗೆ ಮಾತು ಕಳಿಸುತ್ತಿದ್ದರಂತೆ. ಪಾಷಾ ಅಂಗಡಿಗೆ ಬೋರ್ಡು ಹಾಕಿದ್ದ: 'ನಿಮ್ಮ ಹಿರಿಯರ ಬಾಳಿನ ಕತೆ, ಅವರ ಬಾಯಲ್ಲೇ.'

"ಒಂದು ಕಂಡೀಷನ್ನು ಸ್ವಾಮಿ" ಎಂದ ಪಾಷಾ. "ಮೈಕಿನ ಮುಂದೆ ಒಬ್ಬರನ್ನೇ ಕೂರಿಸಿದ್ರೆ ಬಾಯಿ ಕಟ್ತದೆ. ಎದುರಿಗೆ ಅವರಿಗೆ ಬೇಕಾದವರು ಕೂತು ಕೇಳಬೇಕು. ಕೇಳೋರು ಸರಿಯಾಗಿದ್ರೇ ಹೇಳೋರಿಗೆ ಕತೆ ಬರೋದು."

"ಅದಕ್ಕೆ ನಾನಿದ್ದೀನಿ" ಎಂದ ರಾಮಲಿಂಗಯ್ಯ, ಧೈರ್ಯವಾಗಿ.

ಧೈರ್ಯಕ್ಕೆ ಆಧಾರವಿತ್ತು. ಅವನು ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿ ತೂಕ ಹಾಕುವ ಗುಮಾಸ್ತ. ಗಾಡಿ ತಕ್ಕಡಿಯ ಮೇಲೆ ನಿಂತಿರುವಷ್ಟು ಹೊತ್ತು ರೈತ ಮಗಳ ಮದುವೆ, ಹೆಂಡತಿಯ ಜ್ವರ, ದಾಯಾದಿಯ ವ್ಯಾಜ್ಯ ಎಲ್ಲ ಹೇಳುತ್ತಾನೆ. ರಾಮಲಿಂಗಯ್ಯ ತಲೆಯೆತ್ತದೆ 'ಹೂಂ' ಅನ್ನುತ್ತಾನೆ. ಮಾತು ನಿಂತರೆ 'ಆಮೇಲೆ?' ಅನ್ನುತ್ತಾನೆ. ಹೇಳಿದವನು ಹಗುರಾಗಿ ಹೋಗುತ್ತಾನೆ, ಬರೆದವನ ತೂಕ ತಪ್ಪುವುದಿಲ್ಲ. ಹನ್ನೆರಡು ವರ್ಷದ ಈ ಅಭ್ಯಾಸದಿಂದ ಅವನ ಬಾಯಿಗೂ ಕಿವಿಗೂ ನಡುವೆ ಇದ್ದ ಸಂಬಂಧ ಪೂರ್ತಿ ಕಡಿದುಹೋಗಿತ್ತು. ಒಮ್ಮೆ ಒಬ್ಬ, "ನಮ್ಮಪ್ಪ ತೀರ್ಕಂಡ ಬುದ್ಧಿ" ಅಂದಾಗಲೂ ಇವನು, "ಹೂಂ, ಆಮೇಲೆ?" ಅಂದಿದ್ದ.

ಮಾವನ ಕತೆಯಂತೂ ಅವನಿಗೆ ಕಂಠಪಾಠ. ಮದ್ದೂರು ಸ್ಟೇಷನ್ನಿಗೊಂದು ಹೂಂ, ಶಿಂಷಾ ಹೊಳೆಯಲ್ಲಿ ಆನೆ ಮಲಗಿದ್ದಕ್ಕೊಂದು ಹೂಂ, ಮಳವಳ್ಳಿ ಕೆರೆ ಏರಿಗೊಂದು, ಬಿಳೀ ದೊರೆ ಕೆಂಚನ ಬೆನ್ನು ತಟ್ಟಿದ್ದಕ್ಕೊಂದು. ನಿದ್ದೆಯಲ್ಲೂ ಹಾಕಬಲ್ಲ.

ಭಾನುವಾರವೇ ಮುಹೂರ್ತವಾಯಿತು. ಕತೆ ಮುಗಿಸಿ ಮಧ್ಯಾಹ್ನದ ಬಸ್ಸಿಗೆ ಮಾವನನ್ನು ಹತ್ತಿಸುವುದು. ಡ್ರೈವರ್ ಹಿಂದಿನ ಸೀಟು ಹಿಡಿದಿಟ್ಟಾಗಿತ್ತು. ಅದು ಪೆಟ್ರೋಲಿನ ಬರಕ್ಕೆ ಇದ್ದಿಲ ಒಲೆಯನ್ನು ಬೆನ್ನಿಗೆ ಕಟ್ಟಿಕೊಂಡು ಓಡುವ ಬಸ್ಸು. ಒಲೆ ಬೇಗ ಕಾದರೆ ಬೇಗ ಹೊರಡುತ್ತದೆ. ಅದಕ್ಕೇ ರಾಮಲಿಂಗಯ್ಯ ಕಂಡಕ್ಟರಿಗೆ, "ಹೊರಡೋ ಹಾಗಿದ್ರೆ ಒಂದು ಆಳು ಕಳಿಸಪ್ಪ" ಎಂದು ಹೇಳಿಟ್ಟಿದ್ದ.

ಪಾಷಾ ಜಟಕಾದಲ್ಲಿ ಯಂತ್ರ ಹೇರಿಕೊಂಡು ಬಂದ. ನೋಡಿದರೆ ಮನೆಯಲ್ಲಿ ಕರೆಂಟು ಇರುವುದು ಒಂದೇ ಕಡೆ, ಬಲ್ಬಿನ ಹೋಲ್ಡರಿನಲ್ಲಿ.

"ಯಜಮಾನ್ರೇ, ಬಲ್ಬು ಬಿಚ್ಚಬೇಕು."

"ಏನಂದ್ರಿ ಸಾಬ್ರೇ?" ಕರಿಯಯ್ಯ ಮಂಚದ ಮೇಲೆ ಎದ್ದು ನಿಂತರು.

"ಅದರ ಕರೆಂಟೇ ನಿಮ್ಮ ಕತೆ ಬರ್ಕೊಳ್ಳೋದು."

ಕರಿಯಯ್ಯ ಬಲ್ಬನ್ನೊಮ್ಮೆ, ಯಂತ್ರವನ್ನೊಮ್ಮೆ ನೋಡಿದರು. "ನಾನ್ ಎಳ್ದು ತಂದದ್ದು ನನ್ ಕತೇನೇ ಬರ್ದದು ಅನ್ನಿ. ನ್ಯಾಯವಾಗದೆ. ಆದ್ರೆ ಬಲ್ಬು ನನ್ ಕೈಗೇ ಕೊಡಿ." ಬಲ್ಬನ್ನು ಎರಡೂ ಕೈಯಲ್ಲಿ ಇಸಿದುಕೊಂಡು, ಬಾಣಂತಿ ಮಗುವನ್ನಿಟ್ಟುಕೊಂಡಂತೆ ಮಡಿಲಲ್ಲಿಟ್ಟುಕೊಂಡು ಕೂತರು.

ಅಷ್ಟರಲ್ಲಿ ಬೀದಿಗೆ ಬೀದಿಯೇ ಒಳಗಿತ್ತು. ಪಕ್ಕದ ಮನೆಯ ಚಿಕ್ಕನಂಜಮ್ಮ ಮೊರದಲ್ಲಿ ಅವರೆಕಾಯಿ ಸಮೇತ ಬಂದು ಗೋಡೆಗೊರಗಿದಳು. ಎದುರು ಮನೆಯ ಹುಚ್ಚೀರಯ್ಯ ಕುರ್ಚಿ ತಾನೇ ಹೊತ್ತು ತಂದ. ಊರಿನಲ್ಲಿ ಯಾರು ಏನು ಹೇಳಿದರೂ ತಿದ್ದುವುದು ಅವನ ಕೆಲಸ. ಅದಕ್ಕೆ ಅವನನ್ನು ಯಾರೂ ನೇಮಿಸಿರಲಿಲ್ಲ.

"ಉಸಿರು ಕೂಡ ಮೆಲ್ಲಗೆ ಬಿಡಿ" ಎಂದ ಪಾಷಾ. "ಇರೋದು ಎರಡೇ ಪ್ಲೇಟು. ಯಜಮಾನ್ರೇ, ಒಂದು ಸಲ ಇದರಲ್ಲಿ ಬಿದ್ದ ಮಾತು ನೂರು ವರ್ಷ ಇರ್ತದೆ. ಮನಸಲ್ಲಿರೋದನ್ನ ಹೇಳಿ."

ನೂರು ವರ್ಷ ಎಂದ ಕೂಡಲೇ ಕರಿಯಯ್ಯನ ಮುಖ ಗಂಭೀರವಾಯಿತು.

ಸೂಜಿ ಇಳಿಯಿತು. ಕರಿಯಯ್ಯ ಶುರು ಮಾಡಿದರು. "ಆಗ ನಂಗೆ ಮೀಸೆ ಬತ್ತಾ ಇತ್ತು. ಮದ್ದೂರು ಸ್ಟೇಸನ್ನಲ್ಲಿ ಮಿಸೀನು ಇಳ್ಸವ್ರೆ, ಮೂವತ್ತು ಜೊತೆ ಎತ್ತು ಬೇಕು ಅಂತ ತಮಟೆ ಒಡುದ್ರು..."

"ಹೂಂ."

"ಇಪ್ಪತ್ತು" ಎಂದ ಹುಚ್ಚೀರಯ್ಯ.

"ಮೂವತ್ತು ಕಣ್ಲಾ."

"ಇಪ್ಪತ್ತೇ. ನಮ್ಮ ದೊಡ್ಡಪ್ಪ ಅಲ್ಲೇ ಇದ್ರು."

"ನಿಮ್ ದೊಡ್ಡಪ್ಪ ಅಲ್ಲಿ ಇದ್ದುದ್ದು ಎತ್ತಿಗೆ ಹುಲ್ಲು ಕದಿಯಾಕೆ ಕಣ್ಲಾ! ಎಣಿಸಕ್ಕೆ ಅಲ್ಲ!"

"ಲೇ, ನಮ್ಮ ವಂಶದ ಸುದ್ದಿ ಎತ್ತಬೇಡ!"

ಪಾಷಾ ಸೂಜಿ ಎತ್ತಿ, ತಲೆಯ ಮೇಲೆ ಕೈಯಿಟ್ಟುಕೊಂಡ. "ಹುಲ್ಲಿನ ಕಳ್ಳತನ ನೂರು ವರ್ಷಕ್ಕೆ ಉಳೀತು" ಎಂದು ಚಿಕ್ಕನಂಜಮ್ಮ ಅವರೆಕಾಯಿ ಸುಲಿದಳು.

ಹುಚ್ಚೀರಯ್ಯನನ್ನು ಕುರ್ಚಿ ಸಮೇತ ಹೊರಗೆ ಕಳಿಸಿ, ಕಿಟಕಿ ಮುಚ್ಚಿ, ಉಳಿದ ಒಂದೇ ಪ್ಲೇಟು ಹಾಕಿದ್ದಾಯಿತು. ರಾಮಲಿಂಗಯ್ಯ ಬಾಗಿಲ ಕಡೆಗೇ ನೋಡುತ್ತಿದ್ದ. ಬಸ್ಸಿನ ಒಲೆ ಈಗ ಎಷ್ಟು ಕಾದಿದೆಯೋ.

"ಆಗ ನಂಗೆ ಮೀಸೆ ಬತ್ತಾ ಇತ್ತು..." ಎಂದರು ಕರಿಯಯ್ಯ.

"ಹೂಂ."

ಮದ್ದೂರು ಸ್ಟೇಷನ್ನು ಕಳೆಯಿತು. ಶಿಂಷಾದಲ್ಲಿ ಆನೆ ಮಲಗಿತು. "ಹೂಂ." ಆಗಲೇ ಬಾಗಿಲಲ್ಲಿ ಒಬ್ಬ ಮನುಷ್ಯ ಬಂದು ನಿಂತ. ಕೆಂಪು ರುಮಾಲು, ಕಂಕುಳಲ್ಲಿ ಕೊಡೆ. ಬಾಯಿ ತೆರೆದು ಏನೋ ಹೇಳಹೊರಟ.

ಬಸ್ಸಿನ ಆಳು! ರಾಮಲಿಂಗಯ್ಯ ತುಟಿಯ ಮೇಲೆ ಬೆರಳಿಟ್ಟು ಕಣ್ಣು ಬಿಟ್ಟ. ಆ ಮನುಷ್ಯ ಗಕ್ಕನೆ ಬಾಯಿ ಮುಚ್ಚಿದ. ರಾಮಲಿಂಗಯ್ಯ ಮಾವನ ಕಡೆ ಬೆರಳು ಮಾಡಿದ, ರಸ್ತೆಯ ಕಡೆ ತೋರಿಸಿದ, ಎರಡೂ ಕೈಯಲ್ಲಿ ಗಾಳಿಯನ್ನು ಹಿಡಿದು ಸ್ಟೇರಿಂಗು ತಿರುಗಿಸಿದ. ಈಗ ಬರುತ್ತಾರೆ, ನಿಲ್ಲಿಸಿಕೊಂಡಿರಿ, ಎಂದು ಅರ್ಥ. "ಹೂಂ." ಆ ಮನುಷ್ಯ ಹುಬ್ಬು ಗಂಟಿಕ್ಕಿದ. ತಾನೂ ಮಾವನ ಕಡೆ ಬೆರಳು ಮಾಡಿ, ಮೇಲೆ ಖಾಲಿ ಹೋಲ್ಡರಿನ ಕಡೆ ಬೆರಳು ಮಾಡಿ, ಹಲ್ಲು ಕಿರಿದು, ಐದೂ ಬೆರಳು ಅರಳಿಸಿ ತೋರಿಸಿದ. ಇನ್ನೈದೇ ನಿಮಿಷ ಅನ್ನುತ್ತಿದ್ದಾನೆ ಎಂದುಕೊಂಡ ರಾಮಲಿಂಗಯ್ಯ. "ಹೂಂ, ಆಮೇಲೆ?" ಎಂದು ಮೈಕಿಗೆ ಹೇಳಿ, ಬಾಗಿಲಿಗೆ ಕೈ ಮುಗಿದ. ಮತ್ತೆ ರಸ್ತೆ ತೋರಿಸಿದ, ಮತ್ತೆ ಸ್ಟೇರಿಂಗು ತಿರುಗಿಸಿದ. "ಹೂಂ." ಹಾರ್ನು ಒತ್ತಿ ತೋರಿಸಿದ. "ಹೂಂ. ಆಮೇಲೆ?" ಕಡೆಗೆ ಆ ಮನುಷ್ಯನ ಮುಖ ಅರಳಿತು. ತಿಳಿಯಿತೆಂದು ತಲೆಯಾಡಿಸಿ, ಬಸ್ ಸ್ಟ್ಯಾಂಡಿನ ಕಡೆ ಬಿರಬಿರನೆ ಹೋದ. ರಾಮಲಿಂಗಯ್ಯ ನಿಟ್ಟುಸಿರು ಬಿಟ್ಟ.

ತಿರುಗಿ ನೋಡಿದರೆ ಸೂಜಿ ಪ್ಲೇಟಿನ ಅಂಚು ಮುಟ್ಟಿತ್ತು. ಕರಿಯಯ್ಯ ಬಲ್ಬನ್ನು ಅಪ್ಪಿಕೊಂಡು ಅಳುತ್ತಿದ್ದರು. ರೇವಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು. ಚಿಕ್ಕನಂಜಮ್ಮ ಅವರೆಕಾಯಿ ಮರೆತು ರಾಮಲಿಂಗಯ್ಯನನ್ನೇ ದೇವರನ್ನು ನೋಡಿದಂತೆ ನೋಡುತ್ತಿದ್ದಳು. ಕೆಂಚ ಸತ್ತ ಭಾಗ ಬಂದಿರಬೇಕು ಎಂದುಕೊಂಡ ಅವನು. ಅಲ್ಲಿ ಎಲ್ಲರೂ ಅಳುತ್ತಾರೆ.

"ಸರಿ ಮಾವ, ಏಳಿ. ಬಸ್ಸು ಕಾಯ್ತಾ ಇದೆ."

ಕರಿಯಯ್ಯ ಕಣ್ಣರಳಿಸಿದರು. "ಬಸ್ಸಾ? ಯಾಕೆ ಅಳೀಮಯ್ಯ, ತಮಾಸೆ ಮಾಡ್ತೀರಾ?"

"ತಮಾಷೆ ಏನು?"

"ಕೇಳೇ ಬಿಡಿ ಸ್ವಾಮಿ" ಎಂದ ಪಾಷಾ ಹೆಮ್ಮೆಯಿಂದ. "ಇಷ್ಟು ಚೆನ್ನಾಗಿ ಒಂದು ಪ್ಲೇಟೂ ಬಂದಿಲ್ಲ." ಸೂಜಿ ಬದಲಿಸಿ ಪ್ಲೇಟು ತಿರುಗಿಸಿದ. ಹುಚ್ಚೀರಯ್ಯನೂ ಕುರ್ಚಿಯೊಡನೆ ಒಳಗೆ ಬಂದ.

ಮೊದಲು ಒಲೆಯಲ್ಲಿ ಹಸಿ ಸೌದೆ ಚಟಗುಟ್ಟಿದಂಥ ಸದ್ದು. ಆಮೇಲೆ ಕರಿಯಯ್ಯನ ದನಿ. ಮದ್ದೂರು, ಶಿಂಷಾ, ಆನೆ. ಆಮೇಲೆ ರಾಮಲಿಂಗಯ್ಯ ಎಂದೂ ಕೇಳದ ಮಾತು.

"ಇದೆಲ್ಲಾ ನೀವು ಕೇಳಿರೋದೇಯ. ಸಾಬ್ರು ಮನಸಲ್ಲಿರೋದ ಯೋಳಿ ಅಂದ್ರು. ಯೋಳ್ಬುಡ್ಲಾ ಅಳೀಮಯ್ಯ?"

"ಹೂಂ."

"ಇಷ್ಟು ದಿನ ನಿಮ್ ಅನ್ನ ಉಂಡೆ. ನೀವು ಒಂದಿನ ಓಗಿ ಅನ್ನಲಿಲ್ಲ. ಇರಿ ಅಂತಾನೂ ಅನ್ನಲಿಲ್ಲ. ನಂಗೆ ಅದೇ ಕೊರಗು. ನಾನಿಲ್ಲಿರೋದು ನಿಮ್ಗೆ ಸಂತೋಸ್ವಾ?"

"ಹೂಂ, ಆಮೇಲೆ?"

"ಅಂಗಾರೆ ಇಲ್ಲೇ ಇದ್ಬುಡ್ಲಾ?"

"ಹೂಂ."

"ಕಡೇಗಂಟ?"

"ಹೂಂ. ಆಮೇಲೆ?"

ಪ್ಲೇಟಿನ ಒಳಗೆ ಕರಿಯಯ್ಯನ ದನಿ ನಡುಗಿತು. "ಆಮೇಲಾ? ನಿಮ್ಮತ್ತೆ ಬೀರಮ್ಮ ಅಲ್ಲಿ ಒಬ್ಳೇ ಸೊಸೇರ ಕೂಡೆ ಏಗ್ತಾವ್ಳೆ. ಅವಳ್ನೂ ಕರೆಸ್ಕಳ್ಳವಾ?"

"ಹೂಂ. ಆಮೇಲೆ?"

"ಆ ಕರೀ ಎಮ್ಮೆ ಅವಳ್ನ ಬುಟ್ಟು ಇರಾಕಿಲ್ಲ ಕಣಪ್ಪ..."

"ಹೂಂ. ಆಮೇಲೆ?"

"ಅಯ್ಯೋ, ನನ್ ಧರ್ಮರಾಯ! ಇನ್ನೇನೂ ಇಲ್ಲ. ನನ್ತಾವ ಇರೋದೇ ಅಷ್ಟು!"

ಪ್ಲೇಟು ಗರಗರ ಎಂದು ನಿಂತಿತು. ಊರಿನ ಪ್ರತಿ ಮಾತನ್ನೂ ತಿದ್ದುವ ಹುಚ್ಚೀರಯ್ಯನಿಗೂ ಇದರಲ್ಲಿ ತಿದ್ದುವಂಥದ್ದು ಸಿಗಲಿಲ್ಲ.

ರಾಮಲಿಂಗಯ್ಯ ಬಾಯಿ ತೆರೆದ. ರೇವಮ್ಮ ಅವನ ಕಾಲು ಮುಟ್ಟಿದಳು. ಮದುವೆಯ ದಿನ ಪುರೋಹಿತರು ಹೇಳಿದಾಗ ಮುಟ್ಟಿದ್ದು ಬಿಟ್ಟರೆ ಇದೇ ಎರಡನೆಯ ಸಲ. "ನೀವು ನನ್ ಮಾತು ಯಾವತ್ತೂ ಕಿವೀಗೆ ಹಾಕ್ಕಳಲ್ಲ ಅಂತ ಎಷ್ಟು ಬೈದಿದ್ದೀನಿ. ಒಳಗೆ ಇಷ್ಟೊಂದು ಇಟ್ಕಂಡಿದ್ರಾ?"

"ಗಂಡಸು ಅಂದ್ರೆ ಹಿಂಗಿರಬೇಕು" ಎಂದಳು ಚಿಕ್ಕನಂಜಮ್ಮ. "ನಮ್ಮನೇಲೂ ಒಂದದೆ. ನಮ್ಮಪ್ಪ ಬಂದ್ರೆ ಹಿತ್ತಲ ಬಾಗ್ಲಲ್ಲಿ ಓಡೋಯ್ತದೆ."

ರಾಮಲಿಂಗಯ್ಯ ತೆರೆದ ಬಾಯಿ ಮುಚ್ಚಿದ. ಅದು ಕೇಳಿಸಿಕೊಳ್ಳದೆ ಹಾಕಿದ ಹೂಂ ಎಂದು ಈಗ ಯಾವ ಬಾಯಲ್ಲಿ ಹೇಳುವುದು? ಬಾಯಿ ಆಗಲೇ ಪ್ಲೇಟಿನಲ್ಲಿತ್ತು.

ಕರಿಯಯ್ಯ ಮಂಚದ ಮೇಲೆ ನಿಂತು, ಬಲ್ಬನ್ನು ಹೋಲ್ಡರಿಗೆ ತಾವೇ ಸಿಕ್ಕಿಸಿ, ಹಾಡುಹಗಲಲ್ಲಿ ದೀಪ ಹತ್ತಿಸಿದರು. ಬಾಗಿಲ ಬಳಿಯಿದ್ದ ಗಂಟನ್ನು ರೇವಮ್ಮ ಒಳಗೆ ಒಯ್ದಳು. ಹೊರಗೆ ಬಂದವಳ ಕೈಯಲ್ಲಿ ಗಂಡನ ಷರಟಿತ್ತು.

"ಹೆಂಗೂ ಬಸ್ಸಲ್ಲಿ ಸೀಟು ಹಿಡಿದದ್ದು ಐತಲ್ಲ. ವ್ಯರ್ಥ ಯಾಕೆ ಮಾಡೋದು? ಅವ್ವನ್ನ ನೀವೇ ಹೋಗಿ ಕರ್ಕಂಡು ಬನ್ನಿ. ಎಮ್ಮೆ ಹೊಡ್ಕಂಡು ಬರೋಕೆ ಅಣ್ಣ ಒಂದಾಳು ಕೊಡ್ತಾನೆ."

ಹೀಗೆ ಮಾವನಿಗೆಂದು ಹಿಡಿದ ಸೀಟಿನಲ್ಲಿ ಅಳಿಯ ಕೂತ. ಬಸ್ಸು ಕೆಮ್ಮುತ್ತ ಹೊರಟಿತು. ಅವನು ಸಮಾಧಾನಕ್ಕೆ ದಾರಿ ಹುಡುಕಿದ. ಒಂದು ಸಿಕ್ಕಿತು. ಬೆಳಕವಾಡಿಯ ಆ ಕೇರಿಯಲ್ಲಿ ಕರೆಂಟಿಲ್ಲ. ಇವತ್ತೊಂದು ರಾತ್ರಿಯಾದರೂ ಕಗ್ಗತ್ತಲಲ್ಲಿ, ಮುಖದ ಮೇಲೆ ಟವಲಿಲ್ಲದೆ, ಮನುಷ್ಯನಂತೆ ನಿದ್ದೆ ಮಾಡಬಹುದು. ಅಷ್ಟು ನೆನೆದೇ ಕಣ್ಣು ಎಳೆಯಿತು.

ಮದ್ದೂರಿನಲ್ಲಿ ಡ್ರೈವರು ಇಳಿದು ಇದ್ದಿಲು ಕೆದಕುತ್ತಿದ್ದಾಗ ಹಿಂದಿನ ಸೀಟಿನವರೊಬ್ಬರು ಭುಜ ತಟ್ಟಿದರು. ಕೆಂಪು ರುಮಾಲು, ಕಂಕುಳಲ್ಲಿ ಕೊಡೆ.

"ಸ್ವಾಮೀ, ಕರಿಯಯ್ಯನವರ ಅಳೀಮಯ್ಯ ಅಲ್ವರಾ? ಎಲ್ಲಿ, ಅವರು ಬಸ್ಸು ಅತ್ತಲೇ ಇಲ್ಲ?"

"ನೀವು... ಬಸ್ಸಿನ ಆಳಲ್ವಾ?"

"ನಾನ್ಯಾಕಾಯ್ತೀನಿ ತಗಳಿ! ನಾನು ಕೆಂಪಸಿದ್ದಯ್ಯ. ಬೆಳಕವಾಡೀಲಿ ಅವರ ಎದುರು ಮನೆಯವ್ನು. ಸುದ್ದಿ ಯೋಳಾಕೆ ಅಂತ್ಲೇ ಬಂದಿದ್ದೆ. ನೀವು ಮಾತಾಡ್ಬೇಡ ಅಂತ ಬೆಳ್ಳು ತೋರ್ಸಿ, ಅವರ್ನ ತೋರ್ಸಿ, ಸ್ಟೇರಿಂಗು ತಿರುಗ್ಸುದ್ರಿ. ಓಹೋ, ಇದೇ ಬಸ್ಸಿಗೆ ಬತ್ತಾರೆ, ದಾರೀಲೇ ಯೋಳುದ್ರಾಯ್ತು ಅಂತ ಬಂದು ಕುಂತ್ಕಂಡೆ."

"ಏನು ಸುದ್ದಿ?"

"ನಮ್ ಕೇರೀಗೆ ಕರೆಂಟು ಬಂದದೆ ಸ್ವಾಮಿ! ನಿನ್ನೆ ಸಂಜೆ ಅತ್ತಿಸುದ್ರು. ಮೇಲೆ ತೋರ್ಸಿ, ಬೆಳ್ಳು ಅರಳಿಸಿ, ನಾನೂ ಅದ್ನೇ ಯೋಳ್ತಿದ್ದೆ. ಕರಿಯಯ್ಯನ ಮಕ್ಳು ನಡುಮನೆಗೊಂದು ಕೊಟ್ಗೆಗೊಂದು ಬಲ್ಬು ಆಕ್ಸವ್ರೆ. ಅಪ್ಪಂಗೆ ಇದು ಕಿವೀಗೆ ಬಿದ್ರೆ ಬಸ್ಸಿಗೂ ಕಾಯಾಕಿಲ್ಲ, ನಡ್ಕಂಡೇ ಬಂದ್ಬುಡ್ತಾರೆ, ಓಗಿ ಯೋಳು ಅಂತ ಕಳ್ಸುದ್ರು."

ರಾಮಲಿಂಗಯ್ಯ ಸೀಟಿನಿಂದ ನೆಗೆದು ನಿಂತ. "ನಾನು ಇಳೀತೀನಿ! ಈಗ್ಲೇ ವಾಪಸ್ ಹೋಗಿ ಹೇಳ್ತೀನಿ!"

"ತಡೀರಿ ತಡೀರಿ. ಅವರು ಯಾಕೆ ಬರ್ಲಿಲ್ಲ ಅದ ಯೋಳಿ ಮೊದ್ಲು. ಇರಿ ಅಂದ್ಬುಟ್ರಾ ನೀವು?"

"ಹೂಂ."

"ನಾಕು ಜನದ ಮುಂದೆ?"

"ಹೂಂ."

ಕೆಂಪಸಿದ್ದಯ್ಯ ಕೊಡೆಯನ್ನು ಮಂಡಿಯ ಮೇಲಿಟ್ಟುಕೊಂಡು ತಲೆಯಾಡಿಸಿದ. "ಅಂಗಾರೆ ಈಗ ಯೋಳಿ ಏನ್ ಬಂತು? ಅಳಿಯ ಬಾಯ್ಬುಟ್ಟು ಇರಿ ಅಂದ್ಮೇಲೆ ಒಂದು ಬಲ್ಬಿನ ಆಸೆಗೆ ಎದ್ದು ಬಂದ್ರೆ ನಿಮ್ಗೆ ಅವಮಾನ ಮಾಡ್ದಂಗೆ ಅಲ್ವಾ? ಕರಿಯಯ್ಯ ಪ್ರಾಣ ಓದ್ರೂ ಅಂಥ ಕೆಲಸ ಮಾಡಾಕಿಲ್ಲ. ಮಾನವಂತರು."

ಬಸ್ಸು ಹೊರಟಿತು. ರಾಮಲಿಂಗಯ್ಯ ಮೆಲ್ಲಗೆ ಕೂತು, ತಾನು ಹೊರಟ ಕೆಲಸ ಹೇಳಿದ.

"ಬೀರಮ್ಮೋರ್ನೂ ಕರ್ಕಂಡೋಯ್ತೀರಾ? ಪುಣ್ಯ ಬತ್ತದೆ ನಿಮ್ಗೆ" ಎಂದ ಕೆಂಪಸಿದ್ದಯ್ಯ. "ಒಳ್ಳೆ ಎಂಗಸು. ಒಂದೇ ಒಂದು, ಅವರು ದೀಪ ಆರಿ ಕತ್ಲಾದ್ಮೇಲೆ ಮಾತ್ರ ಮಾತು ನಿಲ್ಸೋದು. ನಿನ್ನೆ ಸಂಜೆ ಬಲ್ಬು ಅತ್ತಿದ್ದೇ ಅತ್ತಿದ್ದು, ನಾನು ಇವತ್ತು ಒತ್ತಾರೆ ಒರಡೋಗಂಟ ಮಾತಾಡ್ತಾನೇ ಇದ್ರು. ನಿಮ್ಮನೇಲಿ ದೀಪ ರಾತ್ರಿಯೆಲ್ಲಾ ಉರೀತದೆ ಅಲ್ವರಾ?"

"ಹೂಂ" ಎಂದ ರಾಮಲಿಂಗಯ್ಯ. ಈ ಸಲ ಅವನು ಪ್ರತಿಯೊಂದು ಮಾತನ್ನೂ ಕೇಳಿಸಿಕೊಂಡಿದ್ದ.